ಮುಚ್ಚಿದ ಊರು

"ಒಳಗೆ ಹೋದನೋ ಇಲ್ಲವೋ? ಅಷ್ಟು ಮಾತ್ರ ಕೇಳು," ಎಂದು ಮಿಸ್ಟರ್ ಹಾಲನ್ ಮೂರನೆಯ ಸಲ ಹೇಳಿ, ಪೆನ್ಸಿಲನ್ನು ನಕ್ಷೆಯ ಮೇಲೆ ಅಡ್ಡ ಇಟ್ಟ.

ಬುನ್‌ಲಿಯಂಗ್ ಅದನ್ನು ಲಾವೋ ಭಾಷೆಗೆ ತಿರುಗಿಸಿ ಮೂರನೆಯ ಸಲ ಕೇಳಿದ. ಎದುರಿಗೆ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವನ ಹಾಗೆ ಕೂತಿದ್ದ ಥಿತ್ ಸೋಯ್ ಮೂರನೆಯ ಸಲವೂ ಅದೇ ಉತ್ತರ ಕೊಟ್ಟ.

"ಇಲ್ಲ ಮೇಷ್ಟ್ರೆ. ಊರಬಾಯಿಗೇ ತಲೇವ್ ಕಟ್ಟಿದ್ರು. ಅದನ್ನ ಕಂಡ ಮೇಲೂ ಮಾನ ಇರೋನು ಯಾರಾದ್ರೂ ಒಳಗೆ ಕಾಲಿಡ್ತಾನಾ? ಇಷ್ಟೂ ಗೊತ್ತಾಗಲ್ವಾ ಇವರಿಗೆ?"

ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಬುನ್‌ಲಿಯಂಗ್ ಇಂಗ್ಲಿಷಿಗೆ ತಂದ. ತಲೇವ್ ಅಂದರೆ ಏನೆಂದು ಹಾಲನ್ ಕೇಳಿದ. ಬಿದಿರ ಸೀಳು ಹೆಣೆದು ಮಾಡಿದ ಆರು ಮೂಲೆಯ ನಕ್ಷತ್ರ, ಊರದೈವಕ್ಕೆ ಪೂಜೆ ಇಟ್ಟುಕೊಂಡಾಗ ಊರಿನ ಎಲ್ಲ ದಾರಿಗೂ ಅದನ್ನು ಕಟ್ಟುತ್ತಾರೆ, ತೆಗೆಯುವವರೆಗೆ ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವರು ಹೊರಗೆ ಹೋಗುವ ಹಾಗಿಲ್ಲ, ಗದ್ದೆಯ ಕೆಲಸವಿಲ್ಲ, ಅಂಗಳದಲ್ಲಿ ಬೆಂಕಿ ಹಚ್ಚುವುದಿಲ್ಲ, ಮಾತೂ ಮೆಲ್ಲಗೆ ಎಂದು ಬುನ್‌ಲಿಯಂಗ್ ವಿವರಿಸಿದ. ಹಾಲನ್ ಎಲ್ಲವನ್ನೂ ಗಮನವಿಟ್ಟು ಕೇಳಿದ. ಅವನು ಕೆಟ್ಟ ಮನುಷ್ಯನಲ್ಲ. ಗಮನವಿಟ್ಟು ಕೇಳಿ ತಪ್ಪು ತಿಳಿದುಕೊಳ್ಳುವ ಜಾತಿ.

"ಅಂದರೆ ಒಳಗೆ ಏನಿದೆ ಎಂದು ಯಾರೂ ನೋಡಬಾರದು. ಅದಕ್ಕೇ ಕಟ್ಟಿದ್ದಾರೆ," ಎಂದ.

ಸವನ್ನಖೇತಿನ ನದಿ ದಂಡೆಯ ಮೇಲಿದ್ದ ಆ ಮರದ ಮನೆಯ ಮುಂದೆ ಅಕ್ಕಿ ಹಂಚುವ ಕಚೇರಿ ಎಂದು ಬೋರ್ಡು ತೂಗುತ್ತಿತ್ತು. ಈ ದೇಶ ಯಾರ ಕಡೆಗೂ ಸೇರಿದ್ದಲ್ಲ, ಇಲ್ಲಿ ಪರದೇಶದ ಸೈನಿಕನೊಬ್ಬನೂ ಇರಕೂಡದು ಎಂದು ಐದು ವರ್ಷದ ಹಿಂದೆ ದೂರದ ಊರಿನಲ್ಲಿ ಹದಿನಾಲ್ಕು ದೇಶಗಳ ದೊಡ್ಡವರು ಕೂತು ಸಹಿ ಹಾಕಿದ್ದರು. ಹಾಗಾಗಿ ಪೂರ್ವದ ಕಾಡು ಕಡಿದು, ರಸ್ತೆ ಮಾಡಿಕೊಂಡು, ದಕ್ಷಿಣಕ್ಕೆ ಲಾರಿ ಓಡಿಸುತ್ತಿದ್ದ ಉತ್ತರ ವಿಯೆಟ್ನಾಮಿನ ಸೈನ್ಯ ಅಲ್ಲಿ ಇರಲೇ ಇಲ್ಲ. ಅವರನ್ನು ಹುಡುಕುತ್ತಿದ್ದ ಅಮೆರಿಕದ ಹಾಲನ್ ಕೂಡ ಇಲ್ಲಿ ಇರಲಿಲ್ಲ. ಅವನು ಅಕ್ಕಿ ಹಂಚುತ್ತಿದ್ದ. ಇಲ್ಲದವರು ಇಲ್ಲದವರ ಮೇಲೆ ನಡೆಸುತ್ತಿದ್ದ ಯುದ್ಧದಲ್ಲಿ ನಿಜವಾಗಿ ಇದ್ದವರು ಎಂದರೆ ಥಿತ್ ಸೋಯ್‌ನಂಥ ಹಳ್ಳಿಯ ಜನ ಮಾತ್ರ.

ಥಿತ್ ಸೋಯ್‌ಗೆ ಐವತ್ತೈದು ದಾಟಿತ್ತು. ಹರೆಯದಲ್ಲಿ ಮೂರು ಮಳೆಗಾಲ ಮಠದಲ್ಲಿ ಬಿಕ್ಕುವಾಗಿದ್ದು ಬಿಟ್ಟುಬಂದವನು, ಹಾಗಾಗಿ ಹೆಸರಿನ ಮುಂದೆ ಥಿತ್ ಎಂಬ ಗೌರವ. ಈಗ ಅವನ ಕೆಲಸ ನಾಲ್ಕು ಜನರ ಜೊತೆ ಪೂರ್ವಕ್ಕೆ ಹೋಗಿ, ರಸ್ತೆ ಕಾಣುವ ಗುಡ್ಡದ ಮೇಲೆ ಬಿದಿರು ಮೆಳೆಯೊಳಗೆ ಹತ್ತು ದಿನ ಬೋರಲು ಮಲಗಿ, ಹಾದುಹೋಗುವ ಲಾರಿಗಳನ್ನು ಲೆಕ್ಕ ಹಾಕುವುದು. ಓದು ಬಾರದವರಿಗೆಂದು ಲಾರಿ, ಸೈನಿಕ, ಆನೆಗಳ ಚಿತ್ರವಿದ್ದ ಗುಂಡಿಗಳ ಪೆಟ್ಟಿಗೆಯನ್ನು ಕೊಟ್ಟಿದ್ದರು. ಕಂಡದ್ದಕ್ಕೆ ಸರಿಯಾದ ಗುಂಡಿ ಒತ್ತಿದರೆ ಆಯಿತು. ಥಿತ್ ಸೋಯ್‌ಗೆ ಓದು ಬರುತ್ತಿತ್ತು, ಆದರೂ ಪೆಟ್ಟಿಗೆಯನ್ನೇ ಒತ್ತುತ್ತಿದ್ದ. ಆನೆಯ ಗುಂಡಿ ಒತ್ತುವ ಭಾಗ್ಯ ಇನ್ನೂ ಬಂದಿಲ್ಲ ಎಂದು ಬೇಸರ ಅವನಿಗೆ.

ಈ ಸಲ ಅವನು ಹದಿನೆಂಟು ಲಾರಿಗಳನ್ನು ಕಂಡಿದ್ದ. ಹದಿನೆಂಟೂ ಹೊಳೆ ದಾಟಿದ್ದವು. ಆದರೆ ಮುಂದಿನ ಗುಡ್ಡದ ಮೇಲೆ ಕಾದಿದ್ದ ಇನ್ನೊಂದು ತಂಡಕ್ಕೆ ಅವುಗಳಲ್ಲಿ ಒಂದೂ ಕಾಣಲಿಲ್ಲ. ನಡುವೆ ಎಲ್ಲೋ ನಿಂತುಬಿಟ್ಟಿದ್ದವು. ಮಳೆಗಾಲಕ್ಕೆ ಮುಂಚೆ ದಕ್ಷಿಣ ಮುಟ್ಟಬೇಕಾದ ಸರಕು ಅದು, ಮುಟ್ಟಿತೋ ಅಲ್ಲಿ ನೂರಾರು ಜನ ಸಾಯುತ್ತಾರೆ ಎಂದು ಹಾಲನ್ ಹೇಳುತ್ತಿದ್ದ, ಅದೂ ಸುಳ್ಳಲ್ಲ. ಹೊಳೆಯ ಆಚೆ ಎರಡು ಊರುಗಳಿದ್ದವು, ನಾಥೋಮ್ ಮತ್ತು ಫೋನ್ಸಾ. ವಿಮಾನದಿಂದ ತೆಗೆದ ಫೋಟೋದಲ್ಲಿ ನಾಥೋಮ್ ಸತ್ತು ಬಿದ್ದಂತಿತ್ತು. ಗದ್ದೆಯಲ್ಲಿ ಜನವಿಲ್ಲ, ದಾರಿಯಲ್ಲಿ ಜನವಿಲ್ಲ, ಒಣಹಾಕಿದ ಒಂದು ಬಟ್ಟೆಯೂ ಇಲ್ಲ. ಊರಿನವರನ್ನು ಓಡಿಸಿ ಮನೆಗಳ ಕೆಳಗೆ ಲಾರಿ ಬಚ್ಚಿಟ್ಟಿದ್ದಾರೆ ಎಂದು ಹಾಲನ್ ಅದಕ್ಕೆ ಕೆಂಪು ಗುಂಡುಸೂಜಿ ಚುಚ್ಚಿದ್ದ. ಜನ ಇರುವ ಊರಿನ ಮೇಲೆ ಬಾಂಬು ಹಾಕಬಾರದೆಂದು ಅವನ ಕಡೆಯವರಲ್ಲೂ ಒಂದು ನಿಯಮವಿತ್ತು. ಒಳ್ಳೆಯ ನಿಯಮವೇ. ಆದರೆ ಜನ ಇದ್ದಾರೋ ಇಲ್ಲವೋ ಎಂಬುದನ್ನು ಐದು ದಿನದ ದಾರಿ ದೂರದಲ್ಲಿ, ಫ್ಯಾನಿನ ಕೆಳಗೆ ಕೂತು ತೀರ್ಮಾನಿಸಬೇಕಿತ್ತು.

"ಕಣ್ಣಾರೆ ಹೆಂಗಸರು ಮಕ್ಕಳನ್ನು ಕಂಡೆ ಎಂದು ಒಬ್ಬ ಹೇಳಲಿ, ಈ ಸೂಜಿ ತೆಗೆಯುತ್ತೇನೆ. ಇಲ್ಲವಾದರೆ ಶುಕ್ರವಾರ ವಿಮಾನ ಹೋಗುತ್ತದೆ," ಎಂದು ಹಾಲನ್ ಎದ್ದ. ಕೆಳಗೆ ಜೀಪಿನಲ್ಲಿ ಏನನ್ನೋ ತರುವುದಿತ್ತು ಅವನಿಗೆ.

ಅವನ ಬೂಟಿನ ಸದ್ದು ಮೆಟ್ಟಿಲು ಇಳಿದ ಮೇಲೆ ಥಿತ್ ಸೋಯ್ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. "ಆ ಕೆಂಪು ಸೂಜಿ ತೋರಿಸಿ ಏನೋ ಅಂದ್ರಲ್ಲ, ಏನದು?"

ಇಂಥದ್ದನ್ನು ಹೇಳಬಾರದು ಎಂಬುದು ಕಟ್ಟಪ್ಪಣೆ. ಬುನ್‌ಲಿಯಂಗ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು, ಶಾಲೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದವನು. ಅಪ್ಪಣೆ ಮೀರಿ ಅಭ್ಯಾಸವಿರಲಿಲ್ಲ. ಆದರೆ ಎದುರಿಗಿದ್ದವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ನಾಥೋಮ್ ಖಾಲಿ ಇದೆ ಅಂತ ಅವನ ಲೆಕ್ಕ, ದೊಡ್ಡಪ್ಪ. ಖಾಲಿ ಊರಿಗೆ ಬಾಂಬು ಹಾಕಬಹುದು."

ಥಿತ್ ಸೋಯ್ ತನ್ನ ಅಂಗೈ ನೋಡಿಕೊಂಡ. "ನನ್ನ ದೊಡ್ಡ ಮಗಳು ಖಾಮ್‌ಳನ್ನ ಆ ಊರಿಗೇ ಕೊಟ್ಟಿರೋದು," ಎಂದ. "ಈ ತಿಂಗಳು ಹೆರಿಗೆ."

"ಮತ್ತೆ ಮೊದಲೇ ಹೇಳೋಕ್ಕೇನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ? ನೆಂಟರಿರೋ ಊರಿನ ಸುದ್ದೀನ ನೆಂಟರ ಬಾಯಲ್ಲಿ ಕೇಳಲ್ಲ ಇವರು. ಹೋದ ವರ್ಷ ನಮ್ಮ ತಂಡದ ಪೆಂಗ್ ಹಂಗೇ ಹೇಳೋಕ್ಹೋಗಿ ಏನಾಯ್ತು? ಅವನ ಮಾತಿಗೆ ಗೀಟು ಹಾಕಿದ್ರು, ಅವನನ್ನೂ ಮನೆಗೆ ಕಳಿಸಿದ್ರು."

ಅದು ನಿಜ. ಆ ಗೀಟು ಹಾಕಿದ ಕಾಗದವನ್ನು ಟೈಪು ಮಾಡಿದ್ದು ಬುನ್‌ಲಿಯಂಗನೇ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಗ್ಗಿದ.

"ಹಂಗಾದ್ರೆ ಒಂದು ಮಾಡಿ. ಒಳಗೆ ಹೋಗಿದ್ದೆ ಅನ್ನಿ. ಬಾವಿ ಹತ್ರ ಹೆಂಗಸರು ಮಕ್ಕಳನ್ನ ನೋಡಿದೆ ಅನ್ನಿ. ಮುಗೀತು."

"ತಲೇವ್ ದಾಟಿದೆ ಅನ್ನಬೇಕಾ ನಾನು?"

"ಬಾಯಿಮಾತು, ದೊಡ್ಡಪ್ಪ."

"ಬಾಯಲ್ಲಿ ದಾಟಿದೆ ಅಂದ್ರೆ ದಾಟಿದಂಗೇ ಮೇಷ್ಟ್ರೆ. ಕೇಳಿಸ್ಕೊಳ್ಳೋರು ಎಲ್ಲಾ ಕಡೆ ಇರ್ತಾರೆ. ಕಟ್ಟು ಮುರಿದ್ರೆ ಊರಿನೋರು ಎಮ್ಮೆ ಕಡಿದು ಪೂಜೆ ಮತ್ತೆ ಮೊದಲಿಂದ ಮಾಡಬೇಕು. ಅದೂ ಹೋಗ್ಲಿ, ಆ ವರ್ಷ ಯಾವ ಬಾಣಂತಿಗೆ ಏನಾದ್ರೂ ಅದು ಮುರಿದೋನ ತಲೆ ಮೇಲೆ. ನನ್ನ ಮಗಳು ಹೊಟ್ಟೆ ಹೊತ್ಕೊಂಡು ಅಲ್ಲೇ ಕೂತಿದಾಳೆ."

"ಬಾಂಬು ಬಿದ್ರೆ ಹೊಟ್ಟೇನೂ ಇರಲ್ಲ, ಮಗಳೂ ಇರಲ್ಲ."

"ಬಾಂಬು ಹಾಕೋರು ಅವರು," ಎಂದ ಥಿತ್ ಸೋಯ್. "ತಲೇವ್ ದಾಟೋನು ನಾನಾಗ್ತೀನಿ."

ಬುನ್‌ಲಿಯಂಗನಿಗೆ ಸಿಟ್ಟು ಬಂತು. ಮೂರು ವರ್ಷದಿಂದ ಈ ಕೋಣೆಯಲ್ಲಿ ಎರಡು ಕಡೆಯ ಮಾತನ್ನೂ ಅವನೇ ಆಡುತ್ತಿದ್ದ. ಒಬ್ಬನಿಗೆ ಫೋಟೋ ಹೇಳಿದ್ದೇ ವೇದ, ಇನ್ನೊಬ್ಬನಿಗೆ ಬಿದಿರು ಹೇಳಿದ್ದೇ ವೇದ. ನಡುವೆ ಕೂತವನು ಮಾತ್ರ ಎರಡನ್ನೂ ಹೊತ್ತು ತಿರುಗಬೇಕು. ತಾನೂ ಚಿಕ್ಕವನಿದ್ದಾಗ ಅಜ್ಜಿಯ ಊರಿನ ತಲೇವ್ ಕಂಡು ಒಂದು ಹಗಲೆಲ್ಲ ಹೊರಗೆ ಹಸಿದು ಕೂತದ್ದು ನೆನಪಾಗಿ, ಆ ಸಿಟ್ಟೂ ಪೂರ್ತಿ ಉಳಿಯಲಿಲ್ಲ.

ಹಾಲನ್ ಮೇಲೆ ಬಂದಾಗ ಬುನ್‌ಲಿಯಂಗ್ ಎದ್ದು ನಿಂತು ಹೇಳಿದ: ಈತ ಈಗ ನಿಜ ಒಪ್ಪಿಕೊಂಡಿದ್ದಾನೆ, ಒಳಗೆ ಹೋಗಿದ್ದನಂತೆ, ಹೆಂಗಸರು ಮಕ್ಕಳು ಇದ್ದರಂತೆ, ಕಟ್ಟು ಮೀರಿದ್ದಕ್ಕೆ ಊರಿನವರು ದಂಡ ಹಾಕುತ್ತಾರೆಂದು ಹೆದರಿ ಇಷ್ಟು ಹೊತ್ತು ಮುಚ್ಚಿಟ್ಟನಂತೆ. ಹೇಳುವಾಗ ಅವನ ದನಿ ನಡುಗಲಿಲ್ಲ. ಅದು ಅವನಿಗೇ ಆಶ್ಚರ್ಯವಾಯಿತು.

"ಆಗಬಹುದು," ಎಂದ ಹಾಲನ್. "ಈ ಪೆಟ್ಟಿಗೆಗೂ ಅದನ್ನೇ ಹೇಳಲಿ."

ಅವನು ಜೀಪಿನಿಂದ ತಂದದ್ದು ಸುಳ್ಳು ಹಿಡಿಯುವ ಯಂತ್ರ. ಥಿತ್ ಸೋಯ್‌ನ ಎದೆಗೊಂದು ರಬ್ಬರಿನ ಕೊಳವೆ ಸುತ್ತಿದ, ತೋಳಿಗೊಂದು ಪಟ್ಟಿ ಬಿಗಿದ, ಎರಡು ಬೆರಳಿಗೆ ತಗಡು ಸಿಕ್ಕಿಸಿದ. ಪೆಟ್ಟಿಗೆಯ ಮೇಲೆ ಕಾಗದದ ಸುರುಳಿ ಮೆಲ್ಲಗೆ ಹರಿಯತೊಡಗಿತು, ಅದರ ಮೇಲೆ ಮೂರು ಮುಳ್ಳುಗಳು ಮಸಿಯ ಗೆರೆ ಎಳೆದವು.

"ವೈದ್ಯ ಮಾಡ್ತಾನಾ?" ಎಂದು ಥಿತ್ ಸೋಯ್ ಕೇಳಿದ.

"ಹಂಗೇ ಅಂದ್ಕೊಳ್ಳಿ. ಕೇಳಿದ್ದಕ್ಕೆ ನಿಜ ಹೇಳಿದ್ರೆ ಸಾಕು. ನಿಜ ಮಾತ್ರ."

ಹೆಸರು ಕೇಳಿದರು. ಹೇಳಿದ. ಎಂದಾದರೂ ಅಕ್ಕಿಯ ಸಾರಾಯಿ ಕುಡಿದದ್ದುಂಟೋ ಎಂದು ಕೇಳಿದರು. ಬಿಕ್ಕುವಾಗಿದ್ದಾಗಲೂ ಒಂದೆರಡು ಸಲ ಎಂದ. ಮುಳ್ಳು ಅಲುಗಲಿಲ್ಲ, ಹಾಲನ್ ತಲೆಯಾಡಿಸಿದ. ಆಮೇಲೆ ಮುಖ್ಯವಾದ ಪ್ರಶ್ನೆ ಬಂತು: ನೀನು ನಾಥೋಮ್ ಊರಿನ ಒಳಗೆ ಹೋಗಿ ಹೆಂಗಸರು ಮಕ್ಕಳನ್ನು ಕಂಡೆಯಾ?

ಬುನ್‌ಲಿಯಂಗ್ ಇದ್ದದ್ದನ್ನು ಇದ್ದ ಹಾಗೆ ಕೇಳಿಬಿಟ್ಟ. ಬೇರೆ ಏನೂ ಹೊಳೆಯಲಿಲ್ಲ. ಥಿತ್ ಸೋಯ್ ಬಾಯಿ ತೆರೆಯಲಿಲ್ಲ, ಆದರೂ ಮುಳ್ಳುಗಳು ಕಾದ ಹೆಂಚಿನ ಮೇಲೆ ಎಸೆದ ಕಾಳಿನಂತೆ ಹಾರಿದವು. ಹಾಲನ್ ಕನ್ನಡಕ ತೆಗೆದು ಬುನ್‌ಲಿಯಂಗನ ಮುಖ ನೋಡಿದ.

"ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ," ಎಂದ ಬುನ್‌ಲಿಯಂಗ್.

"ಅರ್ಥವಾಗುವ ಹಾಗೆ ಕೇಳು."

ಹಾಲನ್‌ಗೆ ಲಾವೋ ಬರುತ್ತಿರಲಿಲ್ಲ, ಆದರೆ ಹತ್ತು ಹದಿನೈದು ಪದ ಗೊತ್ತಿದ್ದವು. ಊರು, ಹೋಗು, ಹೆಂಗಸು, ಮಗು ಎಂಬವು ಅದರಲ್ಲಿ ಸೇರಿದ್ದವು ಎಂಬುದು ಬುನ್‌ಲಿಯಂಗನಿಗೆ ಗೊತ್ತಿತ್ತು, ಕಲಿಸಿದ್ದು ಅವನೇ. ಆ ಪದಗಳು ಕಿವಿಗೆ ಬೀಳಬೇಕು. ಬೀಳದ ಪದಗಳನ್ನು ಎಷ್ಟು ಬೇಕಾದರೂ ಸೇರಿಸಬಹುದು.

"ದೊಡ್ಡಪ್ಪ," ಎಂದ ಅವನು ಸಾವಕಾಶವಾಗಿ, "ಖಾಮ್ ಮದುವೇಲಿ ದಿಬ್ಬಣದ ಜೊತೆ ನಾಥೋಮ್ ಊರಿಗೆ ಹೋಗಿದ್ರಿ ತಾನೆ? ಆವತ್ತು ಅಲ್ಲಿ ಹೆಂಗಸರು, ಮಕ್ಕಳು ಇದ್ರಾ?"

ಥಿತ್ ಸೋಯ್‌ನ ಹುಬ್ಬು ಮೇಲೇರಿತು. ಆಮೇಲೆ ಮುಖ ಸಡಿಲವಾಯಿತು. "ಹೋಗಿದ್ದೆ. ಹೋಗದೆ ಇರ್ತೀನಾ? ಇದ್ರಾ ಅಂತ ಕೇಳ್ತೀರಲ್ಲ, ಊರು ತುಂಬಾ ಹೆಂಗಸರು ಮಕ್ಕಳೇ. ಕಾಲು ತೊಳೆಯೋಕೆ ಕಲ್ಲಿನ ಹತ್ರ ನಿಲ್ಲಿಸಿ, ನೀರು ಕೊಡದೆ ಗೋಳು ಹುಯ್ಕೊಂಡ್ರು ನನ್ನ."

ಮಸಿಯ ಗೆರೆ ಸಂಜೆಯ ನದಿಯ ಹಾಗೆ ನೆಟ್ಟಗೆ ಹರಿಯಿತು. ಹಾಲನ್ ಅದನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ನೋಡಿ, ಎದ್ದು ಹೋಗಿ ನಾಥೋಮ್‌ನ ಕೆಂಪು ಸೂಜಿಯನ್ನು ಕಿತ್ತ. ಬುನ್‌ಲಿಯಂಗ್ ಉಸಿರು ಬಿಟ್ಟ. ಬೆನ್ನಿಗೆ ಅಂಗಿ ಅಂಟಿಕೊಂಡದ್ದು ಆಗ ಅವನ ಗಮನಕ್ಕೆ ಬಂತು.

ಆದರೆ ಹದಿನೆಂಟು ಲಾರಿ ಎಲ್ಲಾದರೂ ಇರಲೇಬೇಕಲ್ಲ. ಹಾಲನ್ ಸೂಜಿಯನ್ನು ಬೆರಳ ನಡುವೆ ಹಿಡಿದುಕೊಂಡೇ ಇನ್ನೊಂದು ಫೋಟೋ ಎಳೆದುಕೊಂಡ. ಅದು ಫೋನ್ಸಾದ್ದು. ಊರಂಚಿನ ಬಯಲಿನಿಂದ ಬಿಳಿ ಹೊಗೆ ಎದ್ದಿತ್ತು. ಒಂದೆರಡು ಕಡೆಯಲ್ಲ, ಸಾಲಾಗಿ ಹನ್ನೆರಡು ಕಡೆ.

"ಇಷ್ಟು ಹೊಗೆ ಮನೆ ಅಡುಗೆಯದಲ್ಲ. ಒಂದು ತುಕಡಿಗೆ ಅನ್ನ ಬೇಯುತ್ತಿದೆ," ಎಂದ. ಹೊಗೆ ಇಲ್ಲದ ಊರಿನಲ್ಲಿ ಸೈನಿಕರು ಅಡಗಿರುತ್ತಾರೆ, ಹೊಗೆ ಇರುವ ಊರಿನಲ್ಲಿ ಉಣ್ಣುತ್ತಿರುತ್ತಾರೆ. ಬುನ್‌ಲಿಯಂಗ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಪೇಟೆಯಲ್ಲಿ ಬೆಳೆದ ಅವನಿಗೂ ಆ ಹೊಗೆ ಯಾತರದೆಂದು ತಿಳಿಯಲಿಲ್ಲ.

"ಕೇಳು. ಫೋನ್ಸಾದಲ್ಲಿ ಹೆಂಗಸರು ಮಕ್ಕಳನ್ನು ಕಣ್ಣಾರೆ ಕಂಡನೋ?"

ಬುನ್‌ಲಿಯಂಗ್ ಕೇಳಿದ. ಈ ಸಲ ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಈ ಸಲ ಆ ಕಡೆ ಹಾಯಲೇ ಇಲ್ಲ," ಎಂದ ಥಿತ್ ಸೋಯ್. "ಇಲ್ಲದೆ ಏನು? ಊರು ಅಂದ್ಮೇಲೆ ಜನ ಇದ್ದೇ ಇರ್ತಾರೆ."

ಹಾಲನ್ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಜನ ಇರುತ್ತಾರಂತೆ ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಕಂಡಿಲ್ಲ ಎಂದರೆ, ಕಾಣದೆ ಹೇಳುವವನು ನಾಥೋಮ್‌ನಲ್ಲಿ ಕಂಡದ್ದು ಎಷ್ಟು ನಿಜ ಎಂದು ಮತ್ತೆ ಅಲ್ಲಿಗೇ ಬರುತ್ತಾನೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಮುಳ್ಳು. ಎರಡನೆಯ ಸಲ ಮದುವೆಯ ಮಾತು ಉಳಿಸಲಾರದು. ಬುನ್‌ಲಿಯಂಗ್ ಇಷ್ಟನ್ನೂ ಯೋಚಿಸಿದ್ದು ಒಂದು ಉಸಿರಿನಲ್ಲಿ. ಬೇರೆ ಯಾರೂ ಅವನ ಬಾಯಿ ಹಿಡಿದಿರಲಿಲ್ಲ.

"ಕಂಡಿಲ್ಲವಂತೆ," ಎಂದ.

ಗೆರೆ ಅಲುಗಲಿಲ್ಲ. ಹಾಲನ್ ಸೂಜಿಯನ್ನು ಫೋನ್ಸಾಕ್ಕೆ ಚುಚ್ಚಿ, ಥಿತ್ ಸೋಯ್‌ನ ಬೆರಳಿನ ತಗಡುಗಳನ್ನು ತಾನೇ ಬಿಚ್ಚಿ, ಭುಜ ತಟ್ಟಿದ. "ಪ್ರಾಮಾಣಿಕ ಮನುಷ್ಯ ಎಂದು ಹೇಳು ಅವನಿಗೆ."

ಬುನ್‌ಲಿಯಂಗ್ ಹೇಳಿದ.

ತಂಡಕ್ಕೆ ಹದಿನೈದು ದಿನ ರಜೆ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಥಿತ್ ಸೋಯ್ ಬುನ್‌ಲಿಯಂಗನ ಮನೆಯ ಮುಂದೆ ನಿಂತಿದ್ದ. ಮೈ ತೊಳೆದು, ಚೌಕುಳಿಯ ಹೊಸ ಲುಂಗಿ ಉಟ್ಟಿದ್ದ. ನಾಥೋಮ್‌ನ ಕಟ್ಟು ನಿನ್ನೆಗೆ ಮುಗಿದಿರುತ್ತದೆ, ಮಧ್ಯಾಹ್ನದ ಲಾರಿ ಹತ್ತಿದರೆ ಅರ್ಧ ದಾರಿ, ಉಳಿದದ್ದು ನಡಿಗೆ, ಹುಟ್ಟುವ ಕೂಸಿಗೆ ಅಂಗಿ ಆರಿಸಿಕೊಡಿ ಎಂದ. "ನನಗೆ ಪೇಟೆ ಬಟ್ಟೆ ತಿಳಿಯಲ್ಲ ಮೇಷ್ಟ್ರೆ. ನೀವು ಓದಿದೋರು."

"ಕೂಸಿನ ಅಂಗಿ ಪುಸ್ತಕದಲ್ಲಿ ಬರಲ್ಲ ದೊಡ್ಡಪ್ಪ," ಎಂದು ಬುನ್‌ಲಿಯಂಗ್ ಚಪ್ಪಲಿ ಮೆಟ್ಟಿದ.

ಸಂತೆಯಲ್ಲಿ ವಿಯೆಟ್ನಾಮಿನ ಹೆಂಗಸೊಬ್ಬಳ ಬಟ್ಟೆಯ ಅಂಗಡಿಯ ಮುಂದೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತರು. ಆ ಹೆಂಗಸು ಮೂವತ್ತು ವರ್ಷದಿಂದ ಅಲ್ಲೇ ಇದ್ದಳು, ಯಾವ ಸೈನ್ಯದ ವಿಷಯವೂ ಅವಳಿಗೆ ಬೇಡ. ಅಂಗಿಗಳನ್ನು ಒಂದರ ಮೇಲೊಂದು ಹರಡಿದಳು. ಥಿತ್ ಸೋಯ್ ಹಳದಿಯದನ್ನು ಎತ್ತಿ ಬೆಳಕಿಗೆ ಹಿಡಿದಾಗ ವಿಮಾನಗಳ ಸದ್ದು ಬಂತು. ನದಿಯ ಆಚೆ ದಡದಿಂದ ಬಂದವು, ನಾಲ್ಕು, ಅವುಗಳ ಹಿಂದೆ ಮತ್ತೆ ನಾಲ್ಕು, ಪೂರ್ವಕ್ಕೆ. ಸಂತೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಥಿತ್ ಸೋಯ್‌ನ ಹೆಬ್ಬೆರಳು ಮಾತ್ರ ತನ್ನಷ್ಟಕ್ಕೆ ಎಂಟು ಸಲ ಗಾಳಿಯನ್ನು ಒತ್ತಿತು.

"ನಾಥೋಮ್‌ಗಲ್ಲ ತಾನೆ?"

"ಅಲ್ಲ."

ಥಿತ್ ಸೋಯ್ ಆಕಾಶದ ಕಡೆ ಕೈ ಮುಗಿದ; ವಿಮಾನಕ್ಕೋ ದೈವಕ್ಕೋ ಅವನಿಗೇ ಗೊತ್ತು. ಹಳದಿ ಅಂಗಿ ಇರಲಿ ಎಂದ. ಲಾಡಿ ಕಟ್ಟುವ ಟೋಪಿಯೊಂದು ಇರಲಿ ಎಂದ. ಮಾತು ಅವನಿಗೆ ತಾನಾಗಿ ಬರುತ್ತಿತ್ತು.

"ಹೋಗ್ತಾ ಫೋನ್ಸಾಕ್ಕೆ ಹೋಗಿ ಉಪ್ಪು ಹಿಡ್ಕೊಂಡು ಹೋಗ್ಬೇಕು. ಬಾಣಂತಿ ಬೆಂಕಿ ಕಾಯೋ ಅಷ್ಟು ದಿನಾನೂ ಅನ್ನ, ಉಪ್ಪು, ಅಷ್ಟೇ ತಾನೆ ತಿನ್ನೋದು? ಆ ಉಪ್ಪೇ ಆಗ್ಬೇಕು ನಮ್ಮ ಕಡೇರಿಗೆ. ಈ ತಿಂಗಳಲ್ಲಿ ಫೋನ್ಸಾದ ಹೆಂಗಸರು ಒಬ್ಬರೂ ಮನೇಲಿರಲ್ಲ. ಬಯಲಲ್ಲಿ ಮಣ್ಣು ಕೆರೆದು, ನೀರು ಬಸಿದು, ಒಲೆ ಹೂಡಿ ಕಾಯಿಸ್ತಾ ಕೂತಿರ್ತಾರೆ. ಮಕ್ಕಳು ಸೌದೆ ಹಾಕ್ತಿರ್ತಾವೆ. ಬೆಳಗಿಂದ ಸಂಜೆ ತನಕ ಹೊಗೆ. ಮೂರು ಗುಡ್ಡದಾಚೆಗೂ ಕಾಣುತ್ತೆ."

ಬುನ್‌ಲಿಯಂಗ್ ಕೈಯಲ್ಲಿದ್ದ ಟೋಪಿಯನ್ನು ರಾಶಿಯ ಮೇಲೆ ಇಟ್ಟ. ಸದ್ದು ಇನ್ನೂ ಪೂರ್ತಿ ಅಡಗಿರಲಿಲ್ಲ. ಅವನು ಎದ್ದು, ಎದುರಿನ ಸಾಲಿನ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಪೊಟ್ಟಣದ ಪೇಟೆ ಉಪ್ಪನ್ನು ಎರಡು ಕೈಯಲ್ಲಿ ಹಿಡಿಯುವಷ್ಟು ತಂದು, ಥಿತ್ ಸೋಯ್‌ನ ಚೀಲದೊಳಗೆ ಒಂದೊಂದಾಗಿ ಇಡತೊಡಗಿದ.

"ಪೇಟೆ ಉಪ್ಪು ಬಾಣಂತಿಗೆ ಆಗಲ್ಲ ಮೇಷ್ಟ್ರೆ. ನಾನು ಹೇಳ್ತಿರೋದು..." ಎಂದು ಥಿತ್ ಸೋಯ್ ನಗುತ್ತಾ ತಡೆಯಲು ಹೋದವನು ಬುನ್‌ಲಿಯಂಗನ ಮುಖ ನೋಡಿ ನಿಂತ.

ಬಟ್ಟೆಯವಳು ಅಂಗಿ ಮಡಿಸಿ ಕಾಗದದಲ್ಲಿ ಸುತ್ತಿ ಮುಂದೆ ಚಾಚಿದಳು. ಸ್ವಲ್ಪ ಹೊತ್ತು ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಆಮೇಲೆ ಥಿತ್ ಸೋಯ್ ಅದನ್ನು ಉಪ್ಪಿನ ಮೇಲೆ ಇಟ್ಟು, ಚೀಲದ ಬಾಯಿಯನ್ನು ಹಗ್ಗದಿಂದ ಬಿಗಿದು ಗಂಟು ಹಾಕಿದ. ಗಂಟು ಸರಿಯಾಗಿಯೇ ಬಿದ್ದಿತ್ತು. ಅದನ್ನು ಬಿಚ್ಚಿ, ಮತ್ತೆ ಹಾಕತೊಡಗಿದ.